ಬಜ್ಪೆಯಿಂದ ದೇವನಹಳ್ಳಿ: ದೂರ ಎಷ್ಟು, ಟೈಮ್ ಎಷ್ಟು, ಲೆಕ್ಕ ಹಾಕುದು ಹೇಗೆ

ಬಜ್ಪೆ (ಮಂಗಳೂರು ಏರ್‌ಪೋರ್ಟ್) ಯಿಂದ ದೇವನಹಳ್ಳಿಗೆ (ಬೆಂಗಳೂರು ಏರ್‌ಪೋರ್ಟ್) ಹೋಗುವ ವಿಮಾನದ ಟಿಕೆಟ್‌ನಲ್ಲಿ 1 ಗಂಟೆ ಚಿಲ್ಲರೆ ಅಂತ ಉಂಟಲ್ಲ, ಅದನ್ನೇ ನಂಬಿ ಬೆಂಗಳೂರಲ್ಲಿ ಕೆಲ್ಸ ಫಿಕ್ಸ್ ಮಾಡ್ಬೇಡಿ ಮಾರಾಯ್ರೆ, ಉಡುಪಿಯವ್ರಂತೂ ಖಂಡಿತ ಬೇಡ.

ಮೊದ್ಲು ದೂರ ನೋಡುವ. ಮ್ಯಾಪ್‌ನಲ್ಲಿ ರೂಟ್ ಹಾಕಿದ್ರೆ ಶಿರಾಡಿ ಘಾಟಿ, ಹಾಸನ ಅಂತ ರೋಡಿನ ದೂರ ತೋರಿಸ್ತದೆ, ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಬಜ್ಪೆ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದ್ರೆ ಪಿನ್ ಬೀಳ್ತದೆ, ಅದ್ರಲ್ಲಿ ದೂರ ಅಳೆಯುವ ಆಪ್ಶನ್ ತಗೊಂಡು ದೇವನಹಳ್ಳಿ ತನಕ ಎಳೀರಿ. ನೆಟ್ ಇಲ್ದಿದ್ರೂ ಪರ್ವಾಗಿಲ್ಲ, ಕೈಯಲ್ಲೇ ಮಾಡ್ಲಿಕ್ಕೆ ಆಗ್ತದೆ. ಬಜ್ಪೆ ಅಕ್ಷಾಂಶ 12.96, ರೇಖಾಂಶ 74.89. ದೇವನಹಳ್ಳಿ 13.20 ಮತ್ತು 77.71. ಅಕ್ಷಾಂಶದ ವ್ಯತ್ಯಾಸ 0.24, ಒಂದು ಡಿಗ್ರಿಗೆ 111 ಕಿ.ಮೀ. ಹತ್ರ, ಹಾಗಾಗಿ 111ರಿಂದ ಗುಣಿಸಿದ್ರೆ ಸುಮಾರು 27 ಕಿ.ಮೀ. ರೇಖಾಂಶದ್ದು 2.82, ನಮ್ಮ ಈ ಭಾಗದಲ್ಲಿ ಒಂದು ಡಿಗ್ರಿ ಅಂದ್ರೆ 108 ಕಿ.ಮೀ. ಹತ್ರ, ಹಾಗಾಗಿ 305. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 306 ಕಿ.ಮೀ., ಶಾಲೆಯಲ್ಲಿ ಕಲಿತ ಪೈಥಾಗೊರಸ್ಸೇ, ಇಷ್ಟು ಹತ್ರದ ಊರಿಗೆ ಧಾರಾಳ ಸಾಕು. ವಿಮಾನದವ್ರು ದೂರ ಹೇಳುವ ನಾಟಿಕಲ್ ಮೈಲಿಯಲ್ಲಿ ಬೇಕಾದ್ರೆ 1.852ರಿಂದ ಭಾಗಿಸಿ, 165 ಬರ್ತದೆ.

ಇನ್ನು ಟೈಮ್. ಜೆಟ್ ಗಂಟೆಗೆ 800 ಕಿ.ಮೀ. ಅಂತ ಹಿಡಿದ್ರೆ 23 ನಿಮಿಷ, ರೆಕ್ಕೆಯಲ್ಲಿ ಫ್ಯಾನ್ ಇರುವ ಎಟಿಆರ್ ವಿಮಾನ ಆದ್ರೆ 500ರ ಲೆಕ್ಕದಲ್ಲಿ 37 ನಿಮಿಷ. ಆದ್ರೆ ಮೇಲೆ ಹತ್ತುವಾಗ, ಇಳಿಯುವಾಗ ಆ ಸ್ಪೀಡ್ ಇರುದಿಲ್ಲ, ಪೂರ್ತಿ ಸ್ಪೀಡಿಗೆ ಬರುವಷ್ಟರಲ್ಲಿ ಇಳಿಯುವ ಹೊತ್ತು ಆಗಿರ್ತದೆ, ಮತ್ತೆ ನೆಲದ ಮೇಲೆ ಓಡಾಡುವ ಟೈಮ್ ಬೇರೆ, ದೇವನಹಳ್ಳಿಯಲ್ಲಿ ಅದೇ ಉದ್ದ. ಅದಕ್ಕೆ ಅರ್ಧ ಗಂಟೆ ಸೇರಿಸಿ. ಟಿಕೆಟ್‌ನ ಟೈಮ್ ಇಲ್ಲಿ ವಿಮಾನ ಜಾಗ ಬಿಟ್ಟಲ್ಲಿಂದ ಅಲ್ಲಿ ಹೋಗಿ ನಿಲ್ಲುವ ತನಕದ್ದು, ಗಾಳಿಯಲ್ಲಿ ಇರುವಷ್ಟೇ ಹೊತ್ತು ಅಲ್ಲ.

ನಿಜವಾದ ಟೈಮ್ ತಿನ್ನುದು ಎರಡೂ ಕಡೆಯ ರೋಡು. ಮಂಗಳೂರು ಪೇಟೆಯಿಂದ ಕಾವೂರು, ಮರವೂರು ದಾಟಿ ಹೋದ್ರೆ ಮುಗೀತು, ಆದ್ರೆ ಉಡುಪಿಯಿಂದ ಹೆದ್ದಾರಿಯಲ್ಲಿ ಮೂಲ್ಕಿಗೆ ಬಂದು ಕಿನ್ನಿಗೋಳಿ, ಕಟೀಲು ಮೇಲೆ ಬಜ್ಪೆಗೆ ಬರ್ಲಿಕ್ಕೆ ಒಂದೂವರೆ ಗಂಟೆ ಇಟ್ಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ 1 ಗಂಟೆ ಮೊದ್ಲೇ ಕ್ಲೋಸ್, ಹಾಗಾಗಿ 2 ಗಂಟೆ ಮೊದ್ಲು ಅಲ್ಲಿರ್ಬೇಕು. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ವಾಯು ವಜ್ರ ಬಸ್ಸಲ್ಲಿ ಇನ್ನೊಂದು ಒಂದೂವರೆ ಗಂಟೆ. ಎಲ್ಲ ಕೂಡಿಸಿದ್ರೆ ಉಡುಪಿಯವ್ರಿಗೆ 6 ಗಂಟೆ, ಬಸ್ಸಿಗಿಂತ ಬೇಗವೇ, ಆದ್ರೆ ಅಂದ್ಕೊಂಡಷ್ಟು ಅಲ್ಲ.

ಜೂನ್‌ನಿಂದ ಆಗಸ್ಟ್ ತನಕ ಬೇರೆಯೇ ಲೆಕ್ಕ. ಬಜ್ಪೆ ರನ್‌ವೇ ಗುಡ್ಡದ ತಲೆ ಮೇಲೆ ಉಂಟು, ಮಳೆ ಮೋಡ ಕವಿದ್ರೆ ರನ್‌ವೇ ಕಾಣುದಿಲ್ಲ, ವಿಮಾನ ಮೇಲೇ ಸುತ್ತು ಹೊಡೀತದೆ, ಇಲ್ಲಾಂದ್ರೆ ಬೇರೆ ಕಡೆ ಹೋಗಿ ಇಳೀತದೆ. ಆಗ ಬೆಳಿಗ್ಗೆ ಇಂಟರ್‌ವ್ಯೂ ಇದ್ರೆ ಹಿಂದಿನ ದಿನವೇ ಹೋಗಿ.