ದೂರದ ದೊರೆ, ಚದುರಿದ ದ್ವೀಪಗಳು: ಕಥೆಗೊಂದು ದ್ವೀಪಸಮೂಹ ಕಟ್ಟುವ ಬಗೆ

ಕಾದಂಬರಿಗೋ ಆಟಕ್ಕೋ ದ್ವೀಪಸಮೂಹ ಕಟ್ಟಲು ಕೂತವರು ಸಾಮಾನ್ಯವಾಗಿ ನಕ್ಷೆಯಿಂದ ಶುರುಮಾಡುತ್ತಾರೆ, ಆಮೇಲೆ ಬಾವುಟ, ರಾಜವಂಶ. ಅದಕ್ಕೂ ಮೊದಲು ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: ದ್ವೀಪದಿಂದ ಹೋದ ಕಾಗದಕ್ಕೆ ರಾಜಧಾನಿಯ ಉತ್ತರ ಬರಲು ಎಷ್ಟು ತಿಂಗಳು ಬೇಕು? ಅಧಿಕಾರಿಯ ದರ್ಪ, ವ್ಯಾಪಾರಿಯ ಮೋಸ, ದಂಗೆಯ ಆಯಸ್ಸು ಎಲ್ಲವೂ ಇದನ್ನೇ ನೆಚ್ಚಿಕೊಂಡಿರುತ್ತವೆ.

ಲೆಕ್ಕ ಸುಲಭ. ಹಾಯಿ ಹಡಗಿನ ವೇಗ 4 ನಾಟ್, ಅಂದರೆ ಗಂಟೆಗೆ 4 ನಾಟಿಕಲ್ ಮೈಲಿ ಅಂದುಕೊಳ್ಳಿ. ದಿನಕ್ಕೆ 96 ನಾಟಿಕಲ್ ಮೈಲಿ. ರಾಜಧಾನಿ 9,000 ನಾಟಿಕಲ್ ಮೈಲಿ ದೂರವಿದ್ದರೆ ಲೆಕ್ಕದ ಪ್ರಕಾರ 94 ದಿನ. ನೀರು ತುಂಬಿಸುವುದು, ಗಾಳಿ ಬಿದ್ದುಹೋದ ದಿನಗಳು, ಮುರಿದ ಕೂವೆಮರದ ದುರಸ್ತಿ ಸೇರಿಸಿದರೆ ಅದು ದುಪ್ಪಟ್ಟಾಗುತ್ತದೆ. ಡಚ್ಚರ ಹಡಗುಗಳಿಗೆ ತಮ್ಮ ದೇಶದಿಂದ ಜಾವಾದ ಬಟಾವಿಯಾ (ಇಂದಿನ ಜಕಾರ್ತಾ) ಮುಟ್ಟಲು ಸುಮಾರು ಎಂಟು ತಿಂಗಳೇ ಹಿಡಿಯುತ್ತಿತ್ತು. ಇದರ ಮೇಲೆ ಋತು ಬೇರೆ. ಅರಬ್ಬೀ ಸಮುದ್ರದಂಥ ಕಡಲಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿಗಳು ದಡ ಬಿಡುವುದಿಲ್ಲ. ಮೇ ಕೊನೆಯಲ್ಲಿ ಒಂದು ವಾರ ತಡವಾದ ಆಜ್ಞೆ ಮಳೆಗಾಲ ಮುಗಿದ ಮೇಲೇ ತಲುಪುವುದು.

ಉತ್ಪ್ರೇಕ್ಷೆ ಅನ್ನಿಸಿದರೆ ಫಿಲಿಪೀನ್ಸ್‌ನಲ್ಲಿ ಸ್ಪೇನ್ ಆಳುತ್ತಿದ್ದ ಮನಿಲಾ ನೋಡಿ. ಸ್ಪೇನ್ ಮತ್ತು ಬ್ರಿಟನ್ ನಡುವೆ ಯುದ್ಧ ಶುರುವಾದ ಅಧಿಕೃತ ಸುದ್ದಿ ಬರುವ ಮೊದಲೇ ಬ್ರಿಟಿಷ್ ಹಡಗುಗಳು ಅಲ್ಲಿನ ಕೊಲ್ಲಿಗೆ ಬಂದಿದ್ದವು. 1762ರ ಅಕ್ಟೋಬರ್‌ನಲ್ಲಿ ಊರು ಶರಣಾಯಿತು. 1763ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮನಿಲಾ ಬಿದ್ದದ್ದು ಇನ್ನೂ ಗೊತ್ತಿರಲಿಲ್ಲ. ಆದ್ದರಿಂದ ಎರಡು ಕಾಲಂ ಮಾಡಿ. ಎಡಗಡೆ ದ್ವೀಪದಲ್ಲಿ ನಡೆದದ್ದು, ಬಲಗಡೆ ಅದೇ ದಿನ ರಾಜಧಾನಿಗೆ ಗೊತ್ತಿದ್ದದ್ದು. ಎಡಗಡೆ ರಾಜ್ಯಪಾಲ ಸತ್ತು ತಿಂಗಳುಗಳಾಗಿದ್ದರೂ ಬಲಗಡೆಯಿಂದ ಅವನ ಹೆಸರಿಗೇ ಛೀಮಾರಿ ಬರುತ್ತಿರಬೇಕು.

ಈಗ ನಕ್ಷೆ. ಎಲ್ಲ ದ್ವೀಪಗಳನ್ನೂ ಒಂದೇ ಅಚ್ಚಿನಲ್ಲಿ ಹೊಯ್ಯಬೇಡಿ. ಜ್ವಾಲಾಮುಖಿ ದ್ವೀಪದಲ್ಲಿ ಬೆಟ್ಟ, ತೊರೆ, ತೋಟ ಇರುತ್ತವೆ. ಹವಳದ ದಿಬ್ಬದಲ್ಲಿ ತೆಂಗು, ಮೀನು, ಬಾವಿ ಅಷ್ಟೆ. ಆ ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಪದರ. ಅದು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಇರುತ್ತದೆ, ಹಾಗಾಗಿ ಅತಿಯಾಗಿ ಸೇದಿದರೆ ಕೆಳಗಿನಿಂದ ಉಪ್ಪು ಏರುತ್ತದೆ. ಸೇನೆಯನ್ನು ಹವಳ ದ್ವೀಪದಲ್ಲಿ ಇಳಿಸುವವರು ಇದನ್ನು ಮರೆಯುತ್ತಾರೆ. ಯಾವ ದ್ವೀಪ ಎಲ್ಲಿಂದ ಕಾಣುತ್ತದೆ ಎಂದು ತಿಳಿಯಲು ಎತ್ತರದ (ಮೀಟರ್) ವರ್ಗಮೂಲವನ್ನು 3.57ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ನೋಡುವವನ ಎತ್ತರಕ್ಕೂ ಹೀಗೇ ಮಾಡಿ ಕೂಡಿಸಿ. 400 ಮೀಟರ್ ಬೆಟ್ಟ 70 ಕಿ.ಮೀ. ಆಚೆಗೂ ತಲೆ ತೋರಿಸುತ್ತದೆ, ತೆಂಗಿನ ತಲೆಯಷ್ಟೇ ಇರುವ ದಿಬ್ಬ 20 ಕಿ.ಮೀ. ದಾಟಿದರೆ ಮಾಯ.

ಸಾಮ್ರಾಜ್ಯ ಅಷ್ಟು ದೂರ ಬಂದದ್ದು ಯಾಕೆ? ಒಂದು ಸರಕು ಆರಿಸಿ, ಒಂದೇ. ಇಂದಿನ ಇಂಡೋನೇಷ್ಯಾದ ಬಂಡಾ ದ್ವೀಪಗಳಲ್ಲಿ ಅದು ಜಾಯಿಕಾಯಿ. 1621ರಲ್ಲಿ ಡಚ್ ಕಂಪನಿ ಅಲ್ಲಿನ ಜನರನ್ನು ಕೊಂದು, ಓಡಿಸಿ, ಗುಲಾಮರಾಗಿ ಸಾಗಿಸಿ, ತೋಟಗಳನ್ನು ತನ್ನವರಿಗೆ ಹಂಚಿತು. ಸರಕಿನ ಬೆಲೆ ಅಷ್ಟಿರದಿದ್ದರೆ ಸಾಮ್ರಾಜ್ಯ ಇಷ್ಟು ಕ್ರೂರವೂ ಆಗುವುದಿಲ್ಲ, ಇಷ್ಟು ಹಡಗೂ ಕಳಿಸುವುದಿಲ್ಲ.

ಸರಕು ಸಾಧಾರಣವಾದರೆ ಆಳ್ವಿಕೆಯ ಬಣ್ಣವೇ ಬೇರೆ. ಇದಕ್ಕೆ ಮಾದರಿ ನಮ್ಮ ಕರಾವಳಿಯ ಎದುರಿಗೇ ಇದೆ: ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇವು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, 1956ರವರೆಗೂ ಮಂಗಳೂರಿನ ಅಧೀನದಲ್ಲಿದ್ದವು. ಸರ್ಕಾರಕ್ಕೆ ಬೇಕಾದದ್ದು ಕತ್ತ (ತೆಂಗಿನ ನಾರಿನ ಹುರಿ), ದ್ವೀಪದವರಿಗೆ ಬೇಕಾದದ್ದು ಅಕ್ಕಿ, ವಿನಿಮಯದ ದರ ಸರ್ಕಾರದ್ದು. ಹೆಂಗಸರು ತಿಂಗಳುಗಟ್ಟಲೆ ನೆನೆಸಿದ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದ ಹುರಿ ಬಂದರಿನ ತಕ್ಕಡಿಗೆ ಬರುತ್ತಿತ್ತು. ನಿಮ್ಮ ಕಥೆಯ ಜಗಳವನ್ನು ಆ ತಕ್ಕಡಿಯ ಹತ್ತಿರವೇ ಇಡಿ. ಒದ್ದೆ ಹುರಿಗೆ ತೂಕ ಹೆಚ್ಚು, ಗುಮಾಸ್ತ ಅದಕ್ಕೆ ತೇವದ ಬಾಬ್ತು ಕಡಿತ ಹಾಕುತ್ತಾನೆ. ಒಣಗಿಸಿ ತಂದವಳಿಗೂ ಅದೇ ಕಡಿತ. ಅಕ್ಕಿ ಅಳೆಯುವಾಗ ಸೇರಿನ ಬಾಯಿಗೆ ಕೋಲು ಎಳೆದು ಮಟ್ಟ ಮಾಡುತ್ತಾನೆ, ತನ್ನ ಮನೆಗಾದರೆ ಗೋಪುರ ಬಿಡುತ್ತಾನೆ. ಲಕ್ಷದ್ವೀಪದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು; ನಿಮ್ಮ ದ್ವೀಪದಲ್ಲೂ ಹಾಗಿದ್ದು, ರಿಜಿಸ್ಟರಿನಲ್ಲಿ ಗಂಡಸರ ಹೆಸರಷ್ಟೇ ಇದ್ದರೆ ಮೊಕದ್ದಮೆಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಕಾವಲು ಪಡೆಗೂ ಅನ್ನ ಬೇಕು. ತಲೆಗೆ ದಿನಕ್ಕೆ 600 ಗ್ರಾಂ ಅಕ್ಕಿಯಂತೆ 60 ಜನರಿಗೆ 36 ಕಿಲೋ, ವರ್ಷಕ್ಕೆ 13 ಟನ್ ದಾಟುತ್ತದೆ. ಮಳೆಗೆ ಮುಂಚೆ ಅದು ಬರದಿದ್ದರೆ ಸೈನಿಕರು ದ್ವೀಪದವರ ಮೀನು, ತೆಂಗಿನಕಾಯಿಗೆ ಕೈ ಚಾಚಬೇಕು. ದಂಗೆ ಏಳಿಸುವುದಿದ್ದರೆ ಇದೇ ಹೊತ್ತು. ನೆರವಿನ ಹಡಗು ನಾಲ್ಕು ತಿಂಗಳು ಬರುವ ಹಾಗಿಲ್ಲ. ದಂಗೆಯಲ್ಲಿ ಎಲ್ಲರೂ ಒಂದೇ ಪಕ್ಷ ಅಂತ ಬರೆಯಬೇಡಿ. ಅಕ್ಕಿ ಸಾಗಿಸುವ ದೋಣಿಯ ಯಜಮಾನನಿಗೆ ಸಾಮ್ರಾಜ್ಯ ಬೇಕು, ಅವನ ಅಳಿಯನಿಗೆ ಬೇಡವಾಗಿರಬಹುದು.

ಮಂತ್ರದ ಹಕ್ಕಿ, ಮಾತಾಡುವ ಕನ್ನಡಿ ಇಡುವ ಆಸೆಯಿದ್ದರೆ ಬೆಲೆ ಕಟ್ಟಿ: ವರ್ಷಕ್ಕೆ ಎರಡೇ ಸಲ, ಮೂರು ಪದ ಮಾತ್ರ, ಹೀಗೆ. ಇಲ್ಲದಿದ್ದರೆ ನಿಮ್ಮ ದೂರದ ಸಾಮ್ರಾಜ್ಯ ಪಕ್ಕದ ತಾಲೂಕು ಕಚೇರಿ ಆಗಿಬಿಡುತ್ತದೆ.

ಬರೆದಾದ ಮೇಲೆ ಕಥೆಯಲ್ಲಿನ ಪ್ರತಿ ಕಾಗದಕ್ಕೂ ಹೊರಟ ದಿನ, ಮುಟ್ಟಿದ ದಿನ ಹಾಕಿ ನೋಡಿ. ಯಾವುದಾದರೂ ಪಾತ್ರಕ್ಕೆ ಮುಟ್ಟುವ ದಿನಕ್ಕಿಂತ ಮೊದಲೇ ಸುದ್ದಿ ಗೊತ್ತಾಗಿದ್ದರೆ ಹಡಗಿನ ವೇಗ ಹೆಚ್ಚಿಸಬೇಡಿ, ಘಟನೆಯನ್ನು ಹಿಂದಿನ ಋತುವಿಗೆ ಸರಿಸಿ.