ದಿಢೀರಂತ ಕಡಲ ದಾರಿ ಹಿಡಿಯುವ ಇಬ್ಬರಿಗೆ

ನಮ್ಮ ಮನೆಯಲ್ಲಿ ಇಂಥ ಪ್ರಯಾಣ ಶುರುವಾಗುವುದು ಬೆಳಗಿನ ಆರು ಗಂಟೆಗೆ. ನಮ್ಮವರು ಕಿಟಕಿ ತೆರೆದು ಆಕಾಶ ನೋಡಿ "ಹೋಗೋಣ್ವಾ?" ಅನ್ನುತ್ತಾರೆ. ಎಲ್ಲಿಗೆ ಅಂತ ನಾನು ಕೇಳುವುದಿಲ್ಲ. "ಇಳಿತ ಎಷ್ಟು ಹೊತ್ತಿಗಿದೆ, ನೋಡ್ರೀ" ಅನ್ನುತ್ತೇನೆ. ಮದುವೆಯಾದ ಹೊಸದರಲ್ಲಿ ಈ ಪ್ರಶ್ನೆ ಕೇಳಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಜೀವ ಕೈಯಲ್ಲಿ ಹಿಡಿದುಕೊಂಡು ವಾಪಸ್ ಬಂದ ಮೇಲೆ ಕಲಿತದ್ದು. ಅದಕ್ಕೆ ಬರುತ್ತೇನೆ, ಮೊದಲು ಹೊರಡುವ ಮಾತು.

ಮನಸ್ಸಾದ ಕೂಡಲೇ ಹೊರಡಬೇಕೆಂದರೆ ಚೀಲ ಯಾವಾಗಲೂ ಕಟ್ಟಿಯೇ ಇರಬೇಕು. ನಮ್ಮದು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಹಳೆಯ ಬೆಡ್‌ಶೀಟ್ ಒಂದು, ಟವೆಲ್ ಎರಡು, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ಟಾರ್ಚ್, ಗಾಯದ ಪಟ್ಟಿ, ಸನ್‌ಸ್ಕ್ರೀನ್, ಪುಟ್ಟ ಪೌಡರ್ ಡಬ್ಬಿ, ಫೋನು ಮತ್ತು ಕೀ ಹಾಕಿಡಲು ಭದ್ರವಾಗಿ ಮುಚ್ಚುವ ಪ್ಲಾಸ್ಟಿಕ್ ಕವರ್. ಕುಡಿಯುವ ನೀರು ಬೇರೆ, ಕೈಕಾಲು ತೊಳೆಯಲು ಐದು ಲೀಟರಿನ ಕ್ಯಾನು ಬೇರೆ. ತಿನ್ನಲು ಮನೆಯಲ್ಲಿ ಇದ್ದದ್ದು. ಹತ್ತು ನಿಮಿಷದಲ್ಲಿ ಗಾಡಿ ಹತ್ತಿರುತ್ತೇವೆ. ಯಾವ ದಿಕ್ಕಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಒಬ್ಬರಿಗಾದರೂ ಹೇಳಿ ಹೊರಡಿ.

ಎಲ್ಲಿಯವರೆಗೆ ಅನ್ನುವುದನ್ನು ಬಿಟ್ಟುಬಿಡಿ, ಎಷ್ಟು ಹೊತ್ತಿನವರೆಗೆ ಅನ್ನುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಹನ್ನೆರಡು ಗಂಟೆ ಕೈಯಲ್ಲಿದ್ದರೆ ಅದರಲ್ಲಿ ನಾಲ್ಕು ಗಂಟೆ ಮಾತ್ರ ರಸ್ತೆಗೆ ಅನ್ನುವುದು ನಮ್ಮ ಲೆಕ್ಕ. ಹೋಗುವುದು ಎರಡು, ಬರುವುದು ಎರಡು. ಎರಡು ಗಂಟೆಯ ಓಟ ಮುಗಿದಾಗ ಎಲ್ಲಿದ್ದೇವೋ ಅದೇ ಕೊನೆ. ಮುಂದಿನ ತಿರುವು ಎಷ್ಟೇ ಚೆನ್ನಾಗಿ ಕಂಡರೂ ಅದು ಮುಂದಿನ ಸಲಕ್ಕೆ. ಇನ್ನೊಂದು ಕಟ್ಟುಪಾಡೂ ಇದೆ. ಓಡಿಸುವವರು ಒಬ್ಬರು, ನಿಲ್ಲಿಸುವವರು ಇನ್ನೊಬ್ಬರು. ಪಕ್ಕದಲ್ಲಿ ಕೂತವರು "ಇಲ್ಲಿ ನಿಲ್ಸಿ" ಅಂದರೆ ಯಾಕೆ ಅಂತ ಕೇಳಬಾರದು, ಸುರಕ್ಷಿತವಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಬೇಕು. ನಾವು ನೋಡಿರುವ ಅತ್ಯಂತ ಚಂದದ ಜಾಗಗಳೆಲ್ಲ ಹೀಗೆ ನಿಲ್ಲಿಸಿದಾಗ ಸಿಕ್ಕಿದ್ದು.

ಇನ್ನು ಉಬ್ಬರ ಇಳಿತ. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

ಹೆಚ್ಚಿನ ದಂಡೆಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಪ್ರತಿದಿನ ಆ ಹೊತ್ತು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ಹೋದ ವಾರ ಹನ್ನೊಂದಕ್ಕೆ ಇಳಿತವಿತ್ತು ಅಂತ ಈ ವಾರವೂ ಅದೇ ಹೊತ್ತಿಗೆ ಹೋದರೆ ಉಬ್ಬರವೇ ಎದುರಾಗಬಹುದು. ಕೆಲವು ಕಡಲುಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರಿನವರೆಗೂ ಏರಿಳಿಯುತ್ತದೆ, ಮೆಡಿಟರೇನಿಯನ್ ದಂಡೆಯ ಬಹುಪಾಲು ಕಡೆ ಏರಿದ್ದು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ನೀವು ಹೋಗುವ ದಂಡೆಯ ಅವತ್ತಿನ ಉಬ್ಬರ ಇಳಿತದ ಹೊತ್ತಿನ ಪಟ್ಟಿಯನ್ನೇ ನೋಡಬೇಕು. ಪಟ್ಟಿಯ ಜೊತೆಗೆ ತಿಥಿಯನ್ನೂ ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ.

ನಮಗೆ ಆದದ್ದು ಅಮಾವಾಸ್ಯೆಯ ಮಾರನೇ ದಿನ. ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ಇಳಿತ. ಬಂಡೆಗಳ ಮೂಗೊಂದು ಕಡಲೊಳಗೆ ಚಾಚಿತ್ತು, ಅದರ ಬುಡದಲ್ಲಿ ಒದ್ದೆ ಮರಳಿನ ಹಾದಿ, ಆಚೆ ಯಾರೂ ಇಲ್ಲದ ಪುಟ್ಟ ದಂಡೆ. ಒಂದೂವರೆಗೆ ದಾಟಿ ಹೋದೆವು. ಎರಡಕ್ಕೆ ತಿರುಗಿ ನೋಡಿದರೆ ಹಾದಿ ಹಾಗೇ ಇತ್ತು. ಧೈರ್ಯವಾಗಿ ಬೆಡ್‌ಶೀಟ್ ಹಾಸಿ ಮಲಗಿದೆವು. ನಾಲ್ಕಕ್ಕೆ ಎದ್ದಾಗ ಹಾದಿಯೇ ಇಲ್ಲ! ಬಂಡೆಗೆ ಅಲೆ ಬಡಿದು ಎದೆಮಟ್ಟಕ್ಕೆ ಸಿಡಿಯುತ್ತಿತ್ತು. ಇವರು ನನ್ನ ಮಣಿಕಟ್ಟು ಹಿಡಿದು, ಒಂದು ಅಲೆ ಹಿಂದೆ ಸರಿದಾಗ ನಾಲ್ಕು ಹೆಜ್ಜೆ, ಮತ್ತೆ ಬಂಡೆಗೆ ಒತ್ತಿ ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ, ಹೀಗೆ ದಾಟಿಸಿದರು. ಬಂಡೆಗಂಟಿದ ಚಿಪ್ಪುಗಳಿಗೆ ತಾಗಿ ನನ್ನ ಎಡ ಅಂಗೈ ಸೀಳಿತು, ಆ ಗೆರೆ ಈಗಲೂ ಇದೆ.

ನಾವು ಮೋಸಹೋದದ್ದು ಎಲ್ಲಿ ಅಂದರೆ, ನೀರು ಒಂದೇ ವೇಗದಲ್ಲಿ ಏರುತ್ತದೆ ಅಂದುಕೊಂಡಿದ್ದು. ಅದು ಹಾಗೆ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಒಟ್ಟು ಏರುವ ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾವಿಕರು ಬಳಸುವ ಅಂದಾಜು ಇದು. ನಡುವಿನ ಎರಡೇ ಗಂಟೆಯಲ್ಲಿ ಅರ್ಧದಷ್ಟು ನೀರು ಏರಿಬಿಡುತ್ತದೆ. ನಾವು ಕಣ್ಣು ಮುಚ್ಚಿದ್ದು ಸರಿಯಾಗಿ ಆ ಹೊತ್ತಿನಲ್ಲೇ. ಈಗ ಬಂಡೆಯಾಚೆ ಹೋಗಬೇಕೆಂದರೆ ನೀರು ಇನ್ನೂ ಇಳಿಯುತ್ತಿರುವಾಗ ಹೋಗುತ್ತೇವೆ, ಪಟ್ಟಿಯ ಇಳಿತದ ಹೊತ್ತಿಗೆ ಎದ್ದು ಹೊರಡುತ್ತೇವೆ.

ಹಾಸಿ ಕೂರುವ ಜಾಗವನ್ನೂ ಕಡಲೇ ತೋರಿಸಿಕೊಡುತ್ತದೆ. ದಂಡೆಯುದ್ದಕ್ಕೂ ಕಡ್ಡಿ, ಪಾಚಿ, ಚಿಪ್ಪಿನ ಚೂರುಗಳ ಒಂದು ಅಂಕುಡೊಂಕು ಗೆರೆ ಇರುತ್ತದೆ. ಹಿಂದಿನ ಉಬ್ಬರ ಎಲ್ಲಿಯವರೆಗೆ ಬಂದಿತ್ತು ಅನ್ನುವುದರ ಗುರುತು ಅದು. ಬೆಡ್‌ಶೀಟ್, ಚೀಲ, ಚಪ್ಪಲಿ ಎಲ್ಲ ಆ ಗೆರೆಯಿಂದ ಸಾಕಷ್ಟು ಮೇಲೆ. ಗಾಡಿಯನ್ನಂತೂ ಮರಳಿಗೆ ಇಳಿಸಲೇಬೇಡಿ.

ನೀರಿಗೆ ಇಳಿಯುವುದಾದರೆ ಒಂದು ಮಾತು. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆಯೇ ಒಡೆಯದೆ, ನೀರು ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತದಲ್ಲ, ಈಜು ಬಾರದವರು ಅಲ್ಲೇ ಇಳಿಯೋಣ ಅನ್ನುತ್ತಾರೆ. ಬೇಡ. ದಂಡೆಗೆ ಬಂದ ನೀರು ಒಟ್ಟಾಗಿ ಕಡಲಿಗೆ ಮರಳುವ ಸೆಳೆತ ಅಲ್ಲಿರಬಹುದು, ಜೋರಾಗಿದ್ದರೆ ನುರಿತ ಈಜುಗಾರರಿಗೂ ಅದರ ಎದುರು ಈಜಲಾಗದು. ಸಿಕ್ಕಿಕೊಂಡರೆ ದಂಡೆಯ ಕಡೆಗೆ ಹೋರಾಡಬೇಡಿ. ತೇಲಿಕೊಂಡು, ಕೈಯೆತ್ತಿ ಕೂಗಿ, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡದ ಕಡೆ ತಿರುಗಿ. ಒಬ್ಬರು ಸಿಕ್ಕಿಕೊಂಡರೆ ಇನ್ನೊಬ್ಬರು ಹಿಂದೆಯೇ ಹಾರಬಾರದು. ಪ್ರೀತಿ ಇದ್ದವರಿಗೆ ಇದು ಕಷ್ಟದ ಮಾತೇ, ಆದರೂ ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಜೀವರಕ್ಷಕರನ್ನು ಕೂಗಿ ಕರೆಯಿರಿ, ತೇಲುವಂಥದ್ದು ಏನಿದ್ದರೂ ಎಸೆಯಿರಿ.

ಸಾಮಾನ್ಯವಾಗಿ ನೀರಾಟಕ್ಕೆ ಬೆಳಗೇ ಒಳ್ಳೆಯದು. ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲೆಗಳು ಒರಟಾಗುವುದು ಬಹಳ ಕಡೆ ಹೀಗೆಯೇ. ದೂರದ ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ನೊರೆಯ ತಲೆ ಕಂಡರೆ ಗಾಳಿ ಗಂಟೆಗೆ 12ರಿಂದ 19 ಕಿಲೋಮೀಟರ್ ಅಂತ ಲೆಕ್ಕ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಅಳತೆಪಟ್ಟಿಯಲ್ಲಿ ಇದು ಮೂರನೆಯ ಮೆಟ್ಟಿಲು. ಬಿಳಿ ತಲೆಗಳು ಎಲ್ಲೆಲ್ಲೂ ಏಳತೊಡಗಿದರೆ ನಾವು ಮೇಲೆ ಬಂದುಬಿಡುತ್ತೇವೆ. ತಂಪು ಗಾಳಿಯಲ್ಲಿ ಬಿಸಿಲಿನ ಉರಿ ಗೊತ್ತಾಗುವುದಿಲ್ಲ, ಮೋಡವಿದ್ದರೂ ಚರ್ಮ ಸುಡುತ್ತದೆ. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೊಮ್ಮೆ ಸನ್‌ಸ್ಕ್ರೀನ್ ಹಚ್ಚಿ. ಬೆನ್ನಿಗೆ ಹಚ್ಚಲು ಇನ್ನೊಬ್ಬರು ಇದ್ದಾರಲ್ಲ.

ಸಂಜೆಗೆ ಗಡಿಯಾರ ಬೇಕಿಲ್ಲ. ತೋಳು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಸೂರ್ಯ ಗಂಟೆಗೆ ಹದಿನೈದು ಡಿಗ್ರಿ ಸರಿಯುತ್ತಾನೆ. ನೆಟ್ಟಗೆ ಇಳಿಯುತ್ತಿದ್ದರೆ, ಅವನಿಗೂ ದಿಗಂತಕ್ಕೂ ನಡುವೆ ಒಂದು ಮುಷ್ಟಿ ಉಳಿದಿದ್ದರೆ ಇನ್ನು ನಲವತ್ತು ನಿಮಿಷ, ಓರೆಯಾಗಿ ಇಳಿಯುವ ಕಡೆ ಇನ್ನಷ್ಟು. ಆಗ ನಾವು ಮಡಚಲು ಶುರುಮಾಡುತ್ತೇವೆ, ಎಲ್ಲ ಮುಗಿಸಿ ಮುಳುಗುವುದನ್ನು ಸುಮ್ಮನೆ ನಿಂತು ನೋಡುತ್ತೇವೆ.

ಕಾಲಿನ ಮರಳನ್ನು ಒದ್ದೆಯಿರುವಾಗ ಉಜ್ಜಬೇಡಿ. ಒಣಗಲು ಬಿಟ್ಟು, ಪೌಡರ್ ಉದುರಿಸಿ ಸವರಿದರೆ ತಾನೇ ಬೀಳುತ್ತದೆ. ಕನ್ನಡಕದ ಗಾಜನ್ನು ಬಟ್ಟೆಯಲ್ಲಿ ಒರೆಸುವ ಮುಂಚೆ ಸಿಹಿನೀರು ಹಾಕಿ. ಬೆಳಕಿಗೆ ಹಿಡಿದು ನೋಡಿದರೆ ಅದರ ಮೇಲೆ ಉಪ್ಪಿನ ಸಣ್ಣ ಸಣ್ಣ ಹರಳು, ಮರಳಿನ ಪುಡಿ ಕೂತಿರುವುದು ಕಾಣುತ್ತದೆ, ಹಾಗೇ ಒರೆಸಿದರೆ ಗೀಚು ಬೀಳುತ್ತದೆ. ಮಾರನೇ ದಿನ ಗಾಡಿಯ ಅಡಿಭಾಗಕ್ಕೂ ನೀರು ಹಾಯಿಸಿ, ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಟವೆಲ್ ಒಗೆದು ಒಣಗಿದ ದಿನವೇ ನಮ್ಮವರು ಅದನ್ನು ಮಡಚಿ ಚೀಲಕ್ಕೆ ತುಂಬಿ ಮೊಳೆಗೆ ಹಾಕುತ್ತಾರೆ. ಪೌಡರ್ ಡಬ್ಬಿ ಅಲ್ಲಾಡಿಸಿ ನೋಡುವ ಕೆಲಸ ನನ್ನದು.