ಬಾಳೆಹಣ್ಣಿನಿಂದ ಬಂಗುಡೆಗೆ: ಡಿಎನ್‌ಎ ರಸಾಯನವನ್ನು ನಾನು ಕಲಿಸಿದ ಬಗೆ

ಪ್ರಥಮ ಬಿ.ಎಸ್ಸಿ. ತರಗತಿಯಲ್ಲಿ ನ್ಯೂಕ್ಲಿಕ್ ಆಮ್ಲದ, ಅಂದರೆ ಡಿಎನ್‌ಎ, ಆರ್‌ಎನ್‌ಎಗಳ ಪಾಠವನ್ನು ಡಿಎನ್‌ಎಯ ಸುರುಳಿ ಏಣಿಯ ಚಿತ್ರದಿಂದ ಆರಂಭಿಸುವುದನ್ನು ನಾನು ಬಿಟ್ಟು ಆರು ವರ್ಷಗಳಾದವು. ಆ ಚಿತ್ರವನ್ನು ಅಂದವಾಗಿ ಬಿಡಿಸುವ ವಿದ್ಯಾರ್ಥಿಯನ್ನೇ "ಇದರಲ್ಲಿ ಆಮ್ಲ ಎಲ್ಲಿದೆ?" ಎಂದು ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಆ ಆಮ್ಲಗುಣ ಏಣಿಯ ಬದಿಗಳಲ್ಲಿರುವ ಫಾಸ್ಫೇಟ್‌ನದು; ಅದರ ಋಣ ವಿದ್ಯುದಂಶವೇ ಪಾಠದ ಬಾಗಿಲಾಗಬೇಕು, ಅದನ್ನು ಮಕ್ಕಳು ಕೈಯಾರೆ ಕಾಣಬೇಕು ಎಂದು ನಾನು ನಿರ್ಧರಿಸಿದೆ. ಉಡುಪಿಯ ಸೆಕೆಯಲ್ಲಿ, ತಂಪಿನಲ್ಲಿ ವೇಗವಾಗಿ ತಿರುಗಿಸಿ ವಸ್ತುಗಳನ್ನು ಬೇರ್ಪಡಿಸುವ ಶೀತಕ ಸೆಂಟ್ರಿಫ್ಯೂಜ್ ಇಲ್ಲದೆ ಇದು ಆಗುವ ಕೆಲಸವಲ್ಲ ಎಂದು ಸಹೋದ್ಯೋಗಿಗಳು ಹೇಳಿದ್ದರು.

ಎಲ್ಲರೂ ಮಾಡುವಂತೆ ಬಾಳೆಹಣ್ಣು, ಪಾತ್ರೆ ತೊಳೆಯುವ ಸಾಬೂನಿನ ದ್ರವ, ಉಪ್ಪು ಮತ್ತು ತಂಪಾದ ಎಥೆನಾಲ್‌ನಿಂದ ಮೊದಲು ತೊಡಗಿದೆ. ಬಿಳಿಯ ಮುದ್ದೆ ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಡಿಎನ್‌ಎ ಅಲ್ಲ, ಹಣ್ಣಿನಲ್ಲಿರುವ ಅಂಟು ಪದಾರ್ಥವಾದ ಪೆಕ್ಟಿನ್ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಡಿಎನ್‌ಎ ಇದ್ದರೆ ನೀಲಿ ತೋರಿಸುವ ಡೈಫಿನೈಲಮೀನ್ ಪರೀಕ್ಷೆಗೆ ಇಟ್ಟಾಗ ನೀಲಿ ಬಣ್ಣ ಇದೆಯೋ ಇಲ್ಲವೋ ಎಂಬಷ್ಟೇ ಕಂಡಿತು. ಆ ಪರೀಕ್ಷೆಯಲ್ಲಿ ಬಿಸಿ ಆಮ್ಲವು ಡಿಎನ್‌ಎಯ ಅಡೆನಿನ್ ಮತ್ತು ಗ್ವಾನಿನ್ ಎಂಬ ಪ್ರತ್ಯಾಮ್ಲಗಳನ್ನು ಅದರ ಸಕ್ಕರೆಯಿಂದ ಬಿಡಿಸುತ್ತದೆ, ಹಾಗೆ ಬಿಡುಗಡೆಯಾದ ಡಿಆಕ್ಸಿರೈಬೋಸ್ ಎಂಬ ಆ ಸಕ್ಕರೆ ಮಾತ್ರ ನೀಲಿ ಕೊಡುತ್ತದೆ. ಪೆಕ್ಟಿನ್ ಆಗಲಿ ಆರ್‌ಎನ್‌ಎ ಆಗಲಿ ಆ ನೀಲಿ ಕೊಡುವುದಿಲ್ಲ. ಆ ವರ್ಷ ನನ್ನ ಕಿಸೆಯಿಂದ ಸುಮಾರು 3,000 ರೂಪಾಯಿ ಹೋಯಿತು, ಹೆಚ್ಚಿನದು ಎಥೆನಾಲ್‌ಗೆ.

1869ರಲ್ಲಿ ಟ್ಯೂಬಿಂಗನ್‌ನಲ್ಲಿ ಗಾಯದ ಪಟ್ಟಿಗಳ ಕೀವಿನಿಂದ ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ ಫ್ರೀಡ್ರಿಕ್ ಮೀಷರ್, ಬಳಿಕ ಬಾಸೆಲ್‌ನಲ್ಲಿ ಸಾಲ್ಮನ್ ಮೀನಿನ ವೀರ್ಯವನ್ನು ಆರಿಸಿಕೊಂಡದ್ದು ನೆನಪಾಯಿತು. ವೀರ್ಯಕೋಶವೆಂದರೆ ಬಹುತೇಕ ನ್ಯೂಕ್ಲಿಯಸ್ಸೇ, ಅದರಲ್ಲಿ ಪೆಕ್ಟಿನ್‌ನ ಕಾಟವಿಲ್ಲ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಮಲ್ಪೆಗೆ ಹೋಗಿ, ಗಂಡು ಬಂಗುಡೆಗಳ ಹೊಟ್ಟೆಯ, ವೀರ್ಯ ತುಂಬಿದ ಬಿಳಿ ಭಾಗವನ್ನು ತೆಗೆದಿಡಲು ಮೀನು ಮಾರುವ ಅಕ್ಕನಲ್ಲಿ ಕೇಳಿಕೊಂಡೆ. "ಮೊಟ್ಟೆಯಾದರೆ ಹುರಿಯಲಿಕ್ಕೆ ಒಯ್ಯುತ್ತಾರೆ, ಇದನ್ನು ಏನು ಮಾಡುತ್ತೀರಿ ಮಾಷ್ಟ್ರೇ?" ಎಂದು ಕೇಳಿ, ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ಎಥೆನಾಲ್ ಬಾಟಲಿಯನ್ನು ತಂಪಾಗಿಸುವುದಕ್ಕೂ ಅಲ್ಲಿನ ಮೀನಿನ ಐಸೇ ಸಾಕಾಯಿತು; ಅದಕ್ಕೆ ಕಲ್ಲುಪ್ಪು ಬೆರೆಸಿದರೆ ಶೂನ್ಯಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ.

ಆದರೂ ಎರಡು ಬಾರಿ ಕೆಟ್ಟಿತು. ಬಾಳೆಹಣ್ಣಿಗೆ ಹಾಕಿದಷ್ಟೇ ಉಪ್ಪು ಹಾಕಿದ್ದರಿಂದ ಬರೀ ಗಂಟುಗಳು ಬಂದವು. ವೀರ್ಯಕೋಶದಲ್ಲಿ ಧನ ವಿದ್ಯುದಂಶದ ಪ್ರೋಟಮೀನ್ ಎಂಬ ಪ್ರೋಟೀನು ಡಿಎನ್‌ಎಯ ಫಾಸ್ಫೇಟ್‌ಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಉಪ್ಪಿನ ಸೋಡಿಯಂ ಅಯಾನುಗಳು ಗುಂಪುಗುಂಪಾಗಿ ಬಂದು ಅದರ ಜಾಗವನ್ನು ಕಸಿದುಕೊಂಡರೆ ಮಾತ್ರ ಬಿಡುತ್ತದೆ. ಮೂರನೆಯ ಬಾರಿ 100 ಮಿ.ಲೀ. ನೀರಿಗೆ ಸುಮಾರು 12 ಗ್ರಾಂ ಉಪ್ಪು ಹಾಕಿದೆ. ಹಾಲಿನಂತಿದ್ದ ದ್ರವ ಕಣ್ಣೆದುರೇ ಮೊಟ್ಟೆಯ ಲೋಳೆಯಂತೆ ದಪ್ಪವಾಯಿತು, ಗಾಜಿನ ಕಡ್ಡಿ ಎತ್ತಿದರೆ ಗೇಣುದ್ದದ ಎಳೆ ಜೋತುಬಿತ್ತು. ಅದರ ಮೇಲೆ ಎಥೆನಾಲ್ ಬಿದ್ದಾಗ ಎಳೆಗಳು ಕಡ್ಡಿಗೆ ನೂಲಿನಂತೆ ಸುತ್ತಿಕೊಂಡವು. ಎಷ್ಟು ಹೊತ್ತು, ಹೇಗೆ ಸುರಿಯಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ವಿದ್ಯಾರ್ಥಿಗಳಿಗೆ ಮೀಸಲು. ಡೈಫಿನೈಲಮೀನ್‌ನೊಂದಿಗೆ ಹತ್ತು ನಿಮಿಷ ಕುದಿನೀರಿನಲ್ಲಿಟ್ಟ ನಳಿಕೆ ಗಾಢ ನೀಲಿಗೆ ತಿರುಗಿತು. ಪೆಕ್ಟಿನ್ ಎಂದಿದ್ದ ಹಿರಿಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಉಪ್ಪಿನ ಅಳತೆ ಕೇಳಿ ಬರೆದುಕೊಂಡರು.

ನಮ್ಮ ಸೆಕೆಯೂ ಒಮ್ಮೆ ಉಪಕಾರಕ್ಕೆ ಬಂತು. ಯೀಸ್ಟ್‌ನ ಆರ್‌ಎನ್‌ಎಯನ್ನು ಕ್ಷಾರದಲ್ಲಿ ಕರಗಿಸಿ, ಬೆಚ್ಚಗಿಡುವ ಇನ್‌ಕ್ಯುಬೇಟರ್ ಇಲ್ಲದ್ದರಿಂದ ಏಪ್ರಿಲ್‌ನ ಒಂದು ರಾತ್ರಿ ಮೇಜಿನ ಮೇಲೆಯೇ ಬಿಟ್ಟೆ. ಬೆಳಿಗ್ಗೆ ಆಮ್ಲ ಹಾಕಿದಾಗ ಹಿಂದಿನ ದಿನದಂತೆ ಬಿಳಿಯಾಗಿ ಒಡೆಯಲಿಲ್ಲ, ತಿಳಿಯಾಗಿಯೇ ಉಳಿಯಿತು. ಆರ್‌ಎನ್‌ಎಯ ಸಕ್ಕರೆಯಾದ ರೈಬೋಸ್‌ನ ಎರಡನೆಯ ಇಂಗಾಲದಲ್ಲಿರುವ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಪಕ್ಕದ ಫಾಸ್ಫೇಟ್ ಬಂಧದ ಮೇಲೆ ಎರಗಿ ಸರಪಳಿಯನ್ನು ತುಂಡರಿಸಿತ್ತು. ಡಿಆಕ್ಸಿರೈಬೋಸ್‌ನಲ್ಲಿ ಆ ಹೈಡ್ರಾಕ್ಸಿಲ್ ಇಲ್ಲದ್ದರಿಂದ, ಅದೇ ಕ್ಷಾರದಲ್ಲಿಟ್ಟ ಬಂಗುಡೆಯ ಡಿಎನ್‌ಎಯ ಎರಡು ಎಳೆಗಳು ಬೇರ್ಪಟ್ಟವೇ ಹೊರತು ತುಂಡಾಗಲಿಲ್ಲ. ಆಮ್ಲ ಬಿದ್ದೊಡನೆ ಬಿಳಿಯಾಗಿ ಒಡೆದು ತಳಕ್ಕಿಳಿಯಿತು. ಎರಡು ನಳಿಕೆಗಳನ್ನು ಅಕ್ಕಪಕ್ಕ ಇಟ್ಟ ಮೇಲೆ, 'ಡಿಆಕ್ಸಿ' ಎಂದರೇನು ಎಂದು ಆ ತರಗತಿಯಲ್ಲಿ ಯಾರೂ ಕೇಳಲಿಲ್ಲ.